ಮೈಸೂರು ಮಹಾರಾಜರು ಮಾಡಿಸಿದ ರೆಕಾರ್ಡು: ಮೆಟ್ನರ್ ಪ್ಲೇಟು ಹುಡುಕುವುದು ಹೇಗೆ

ರಷ್ಯದ ಸಂಗೀತ ರಚನಕಾರ, ಪಿಯಾನೋ ವಾದಕ ನಿಕೊಲಾಯ್ ಮೆಟ್ನರ್ ಹೆಸರು ನಾನು ಮೊದಲು ಕಂಡದ್ದು ಅವರ ಮೂರನೇ ಪಿಯಾನೋ ಕನ್ಚರ್ಟೊದ (ಪಿಯಾನೋ ಮತ್ತು ವಾದ್ಯವೃಂದ ಸೇರಿ ನುಡಿಸುವ ಕೃತಿ) ಅರ್ಪಣೆಯಲ್ಲಿ. ಅದು ಮೈಸೂರು ಮಹಾರಾಜರಿಗೆ ಅರ್ಪಿಸಿದ ಕೃತಿ. ಮೈಸೂರಿನಲ್ಲೇ ಹುಟ್ಟಿ ಬೆಳೆದ ನನಗೆ ಮೈ ಜುಮ್ಮೆಂದಿತು. ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವರು, 1951ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಜಯಚಾಮರಾಜೇಂದ್ರ ಒಡೆಯರ್ ದುಡ್ಡು ಕೊಟ್ಟು ಮೆಟ್ನರ್ ಸೊಸೈಟಿ ಕಟ್ಟಿಸಿದ್ದರಿಂದಲೇ 1940ರ ದಶಕದ ಕೊನೆಯಲ್ಲಿ ರೆಕಾರ್ಡ್ ಕಂಪನಿ ಎಚ್‌ಎಂವಿ ಮೆಟ್ನರ್ ಅವರ ಕೈಯಿಂದಲೇ ಅವರ ಕೃತಿಗಳನ್ನು ನುಡಿಸಿಸಿ ರೆಕಾರ್ಡ್ ಮಾಡಿತು. ಮೂರೂ ಕನ್ಚರ್ಟೊಗಳಲ್ಲಿ ಪಿಯಾನೋ ಅವರದೇ.

ಹುಡುಕಲು ಹೊರಟವರು ಮೊದಲು ಸಿಡಿ ಕೇಳಿ. ಟೆಸ್ಟಮೆಂಟ್ ಮತ್ತು ಎಪಿಆರ್ ಎಂಬ ಕಂಪನಿಗಳು ಈ ಹಳೆಯ ನುಡಿಕೆಯನ್ನು ಸಿಡಿಗೆ ತಂದಿವೆ. ಕಿವಿಗೆ ಪರಿಚಯವಾದರೆ ಮುಂದೆ ಪ್ಲೇಟು ಸಿಕ್ಕಾಗ ಯಾವುದೆಂದು ಗುರುತು ಹತ್ತುತ್ತದೆ.

ಆಮೇಲೆ ಹೆಸರಿನ ತೊಡಕು. ರಷ್ಯನ್ ಲೇಬಲ್‌ಗಳಲ್ಲಿ ಇಂಗ್ಲಿಷಿನ Medtner ಎಂಬ ಹೆಸರಿನ ನಡುವಿನ 'ಡಿ' ಅಕ್ಷರವೇ ಇರುವುದಿಲ್ಲ. ಅವರ ಪುಟ್ಟ ಪಿಯಾನೋ ಕಥೆಗಳಿಗೆ ರಷ್ಯನ್‌ನಲ್ಲಿ 'ಸ್ಕಾಜ್ಕಾ', ಜರ್ಮನ್‌ನಲ್ಲಿ 'ಮೇರ್ಖೆನ್', ಇಂಗ್ಲಿಷಿನಲ್ಲಿ 'ಫೇರಿ ಟೇಲ್' ಅನ್ನುತ್ತಾರೆ. ಒಂದೇ ಕೃತಿ, ಮೂರು ಹೆಸರು. ಹಾಗಾಗಿ ನಾನು ಡಿಸ್ಕಾಗ್ಸ್ ಎಂಬ ರೆಕಾರ್ಡುಗಳ ಜಾಲತಾಣದಲ್ಲಿ ಓಪಸ್ ಸಂಖ್ಯೆ, ಅಂದರೆ ಕೃತಿಗೆ ಕೊಟ್ಟ ಕ್ರಮಸಂಖ್ಯೆ, ಹಾಕಿಯೇ ಹುಡುಕುತ್ತೇನೆ. 'ಓಪಸ್ 20, ನಂಬರ್ 1' ಎಂದರೆ ಯಾವ ಭಾಷೆಯಲ್ಲೂ ಅದೇ.

ಮಾರುವವರು ಫೋಟೋ ಹಾಕಿದ್ದರೆ ಲೇಬಲ್ ನೋಡಿ ಸುಮ್ಮನಾಗಬೇಡಿ. ಲೇಬಲ್ ಪಕ್ಕ, ಗೆರೆಗಳು ಮುಗಿದ ನುಣುಪು ಜಾಗದಲ್ಲಿ ಒತ್ತಿದ ಅಂಕಿಗಳಿರುತ್ತವೆ. ಅದು ಮ್ಯಾಟ್ರಿಕ್ಸ್ ನಂಬರು. ಲಂಡನ್ನಿನ ಎಚ್‌ಎಂವಿಯ ಆ ಕಾಲದ 12 ಇಂಚಿನ ಪ್ಲೇಟುಗಳಲ್ಲಿ ಇದು '2ಇಎ' (2EA) ಎಂದು ಶುರುವಾಗುತ್ತದೆ. ಕೊನೆಯ ಅಂಕಿ ಎಷ್ಟನೇ ಸಲದ ನುಡಿಕೆ ಎಂದು ಹೇಳುತ್ತದೆ. ಮೆಟ್ನರ್ 1930ರ ದಶಕದಲ್ಲೂ ರೆಕಾರ್ಡ್ ಮಾಡಿದ್ದಾರೆ. ಯಾವ ಕಾಲದ್ದು ಎಂದು ತಿಳಿಯಬೇಕಾದರೆ ಈ ನಂಬರೇ ಗತಿ.

ಇನ್ನೊಂದು ಮಾತು. ಆಗಿನ ಆಲ್ಬಂ ಸೆಟ್‌ಗಳಲ್ಲಿ ಕೆಲವು ತಾನಾಗಿ ಪ್ಲೇಟು ಬದಲಿಸುವ ಯಂತ್ರಕ್ಕೆಂದು ಜೋಡಿಸಿದವು. ಅವುಗಳಲ್ಲಿ ಮೊದಲ ಭಾಗದ ಹಿಂದೆ ಎರಡನೆಯದಿರುವುದಿಲ್ಲ, ಕೊನೆಯ ಭಾಗವಿರುತ್ತದೆ. ಬಿಡಿ ಪ್ಲೇಟು ಕೊಳ್ಳುವಾಗ ಎರಡೂ ಬದಿಯ ಸಂಖ್ಯೆ ಕೇಳಿಕೊಳ್ಳಿ. ಇಲ್ಲದಿದ್ದರೆ ಸೆಟ್ ಯಾವತ್ತೂ ಪೂರ್ತಿಯಾಗುವುದಿಲ್ಲ.

ನನಗೆ ಹೊರದೇಶದಿಂದ ಬಂದ ಮೊದಲ ಪ್ಲೇಟು ಎರಡು ಹೋಳಾಗಿತ್ತು. ತೆಳು ಲಕೋಟೆಯಲ್ಲಿ ಕಳಿಸಿದ್ದರು. ತುಂಬಾ ಸಂಕಟವಾಯಿತು. ಅರಗಿನ ಪ್ಲೇಟು ಗಾಜಿನ ಹಾಗೆ. ಈಗ ದುಡ್ಡು ಕಳಿಸುವ ಮೊದಲೇ ಬರೆದು ಕೇಳುತ್ತೇನೆ: ಎರಡು ಕಡೆ ದಪ್ಪ ರಟ್ಟು, ಸುತ್ತ ಗುಳ್ಳೆ ಪ್ಲಾಸ್ಟಿಕ್, ಡಬ್ಬಿಯೊಳಗೆ ಡಬ್ಬಿ.

ಎರಡನೆಯದು ಇಲ್ಲೇ ಲಕ್ಷ್ಮೀಪುರಂನ ಒಂದು ಹಳೆ ಮನೆಯ ಅಟ್ಟದಲ್ಲಿ ಸಿಕ್ಕಿತು. ಆಲ್ಬಂನಲ್ಲಿ ಉಳಿದದ್ದು ಒಂದೇ ಒಂದು. ಮನೆಯ ಅಜ್ಜಿ ಸೀರೆ ಸೆರಗಿನಿಂದ ಧೂಳು ಒರೆಸಿ ಕೊಟ್ಟರು. ಹಳೆಮನೆಗಳಲ್ಲಿ ಕೇಳಲು ಸಂಕೋಚ ಬೇಡ, ಅಲ್ವಾ? 'ಇಂಗ್ಲಿಷ್ ಪ್ಲೇಟು ಇದೆಯಾ' ಎಂದು ಕೇಳಿದರೆ ಸಾಕು.

ತೊಳೆಯುವಾಗ ಸ್ಪಿರಿಟ್ ಮುಟ್ಟಿಸಲೇಬೇಡಿ, ಅರಗು ಕರಗುತ್ತದೆ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಸೋಪು, ಮೆತ್ತನೆ ಬಟ್ಟೆ, ಲೇಬಲ್ ಒದ್ದೆಯಾಗದ ಹಾಗೆ. ನುಡಿಸುವಾಗ ಈ 78 ಸುತ್ತಿನ ಪ್ಲೇಟುಗಳಿಗೆಂದೇ ಇರುವ ಅಗಲ ಸೂಜಿಯೇ ಹಾಕಿ. ಆಮೇಲೆ ಬಂದ ಎಲ್‌ಪಿ ಪ್ಲೇಟಿನ ಸಣ್ಣ ಸೂಜಿ ಗೆರೆಯ ತಳಕ್ಕೆ ಇಳಿದು ಬರೀ ಗರಗರ ಅನ್ನುತ್ತದೆ.

ಸಿಕ್ಕಿದ್ದನ್ನು ಕಂಪ್ಯೂಟರಿಗೆ ಹಾಕಿಡಿ. ನಮ್ಮ ದೇಶದ ಕಾನೂನಿನಲ್ಲಿ ರೆಕಾರ್ಡಿನ ಹಕ್ಕು ಹೊರಬಂದ 60 ವರ್ಷಕ್ಕೆ ಮುಗಿಯುತ್ತದೆ. ಆಗ ಹೊರಬಂದ ಪ್ಲೇಟುಗಳನ್ನು ಇಲ್ಲಿ ಧೈರ್ಯವಾಗಿ ಹಂಚಿಕೊಳ್ಳಬಹುದು. ಫೈಲಿನ ಹೆಸರಿನಲ್ಲಿ ಮ್ಯಾಟ್ರಿಕ್ಸ್ ನಂಬರು ಸೇರಿಸಿ, ಮುಂದೆ ಹುಡುಕುವವರಿಗೆ ಅದು ಸಿಗಲಿ.