ರಾಕ್ ವಾದಕರ ಬಾಜ್: ಹೋಲಿಸಿ ಕೇಳುವ ಕ್ರಮ

ಬಳ್ಳಾರಿಯ ಕೌಲ್ ಬಜಾರಿನ ಒಂದು ಮನೆಯ ಮಾಳಿಗೆಯ ಮೇಲೆ ನಾವು ಐದು ಮಂದಿ ಭಾನುವಾರ ರಾತ್ರಿ ಸೇರಿ ಹಳೆಯ ರಾಕ್ ಸಂಗೀತ ಕೇಳುವ ರೂಢಿ ಇಟ್ಟುಕೊಂಡು ಬಹಳ ವರ್ಷಗಳಾದವು. ಮೊದಮೊದಲು ಅಲ್ಲಿ ಕೇಳುವುದಕ್ಕಿಂತ ಜಗಳವೇ ಹೆಚ್ಚಾಗಿತ್ತು. ಗಿಟಾರ್ ವಾದಕರಲ್ಲಿ ಜಿಮಿ ಹೆಂಡ್ರಿಕ್ಸ್ ದೊಡ್ಡವನೋ ಎರಿಕ್ ಕ್ಲಾಪ್ಟನ್ ದೊಡ್ಡವನೋ ಎಂಬ ಒಂದೇ ಪ್ರಶ್ನೆಯ ಸುತ್ತ, ತಂದಿಟ್ಟ ಒಗ್ಗರಣೆ-ಮಿರ್ಚಿ ತಣ್ಣಗಾಗುವ ತನಕ ವಾದಿಸಿ, ಹತ್ತುವಾಗ ಇದ್ದ ಅಭಿಪ್ರಾಯವನ್ನೇ ಹೊತ್ತು ಮೆಟ್ಟಿಲಿಳಿಯುತ್ತಿದ್ದೆವು. ಆ ಪ್ರಶ್ನೆಯನ್ನು ಕೈಬಿಟ್ಟು, ಇಬ್ಬರು ವಾದಕರ ಭೇದವನ್ನು ಕಿವಿಯಿಂದಲೇ ಪತ್ತೆ ಹಚ್ಚಲು ನಾವು ಕ್ರಮೇಣ ಕಂಡುಕೊಂಡ ವಿಧಾನವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದಕ್ಕೆ ಗಿಟಾರ್ ನುಡಿಸಲು ಬರಬೇಕಾಗಿಲ್ಲ, ಪಾಶ್ಚಾತ್ಯ ಸ್ವರಲಿಪಿಯ ಪರಿಚಯವೂ ಬೇಕಾಗಿಲ್ಲ. ಮಲ್ಲಿಕಾರ್ಜುನ ಮನ್ಸೂರರ ವಚನಗಾಯನಕ್ಕೂ ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿಯವರ ವಚನಗಾಯನಕ್ಕೂ ಇರುವ ವ್ಯತ್ಯಾಸವನ್ನು ಒಂದು ಸಾಲು ಕೇಳಿಯೇ ಹೇಳಬಲ್ಲವರು ನಮ್ಮ ಕಡೆ ಓಣಿಗೊಬ್ಬರಿದ್ದಾರೆ. ಇಲ್ಲಿ ಬೇಕಾಗಿರುವುದೂ ಆ ಕಿವಿಯೇ. ಹಿಂದುಸ್ತಾನಿ ವಾದ್ಯಗಾರರು ನುಡಿಸುವ ಶೈಲಿಯನ್ನು ‘ಬಾಜ್’ ಎನ್ನುತ್ತಾರೆ. ನಾನೂ ಆ ಮಾತನ್ನೇ ಬಳಸುತ್ತೇನೆ.

ಮೊದಲ ಕೆಲಸವೆಂದರೆ ಜೋಡಿಯನ್ನು ಸರಿಯಾಗಿ ಆರಿಸುವುದು. ಇಬ್ಬರು ವಾದಕರು ನುಡಿಸಿರುವ ಒಂದೇ ಹಾಡನ್ನು ಹುಡುಕಬೇಕು. ಬೇರೆ ಬೇರೆ ಹಾಡುಗಳನ್ನು ಎದುರುಬದುರು ಇಟ್ಟರೆ ಹಾಡಿನ ಗುಣವನ್ನೇ ವಾದಕನ ಗುಣವೆಂದು ತಿಳಿದುಬಿಡುತ್ತೇವೆ. ನನ್ನ ಅನುಭವದಲ್ಲಿ ಆರಂಭಕ್ಕೆ ಎಲ್ಲಕ್ಕಿಂತ ಒಳ್ಳೆಯ ಜೋಡಿ ‘ಯೂ ಶುಕ್ ಮಿ’. ಮಡ್ಡಿ ವಾಟರ್ಸ್ 1962ರಲ್ಲಿ ಹಾಡಿದ ಈ ಬ್ಲೂಸ್ (ಅಮೆರಿಕದ ಕಪ್ಪು ಜನರ ಒಂದು ಹಾಡಿನ ಬಗೆ) ಗೀತೆಯನ್ನು ಜೆಫ್ ಬೆಕ್ ತನ್ನ ‘ಟ್ರೂತ್’ ಆಲ್ಬಮ್ಮಿನಲ್ಲಿ 1968ರಲ್ಲಿ ಹೊರತಂದ. ಕೆಲವೇ ತಿಂಗಳ ಬಳಿಕ, 1969ರ ಜನವರಿಯಲ್ಲಿ ಬಂದ ಲೆಡ್ ಜೆಪ್ಪೆಲಿನ್ ತಂಡದ ಮೊದಲ ಆಲ್ಬಮ್ಮಿನಲ್ಲಿ ಜಿಮ್ಮಿ ಪೇಜ್ ಅದನ್ನೇ ನುಡಿಸಿದ. ಇಬ್ಬರೂ ಯಾರ್ಡ್‌ಬರ್ಡ್ಸ್ ತಂಡದಲ್ಲಿದ್ದವರು, 1966ರಲ್ಲಿ ಕೆಲವು ಕಾಲ ಒಟ್ಟಿಗೇ ಇದ್ದವರು. ಎರಡೂ ರೆಕಾರ್ಡಿಂಗ್‌ಗಳಲ್ಲಿ ಆರ್ಗನ್ ನುಡಿಸಿರುವವನೂ ಒಬ್ಬನೇ, ಜಾನ್ ಪಾಲ್ ಜೋನ್ಸ್. ಕಾಲ, ಹಾಡು, ಗೆಳೆತನ, ಆರ್ಗನ್ನು ಎಲ್ಲವೂ ಒಂದೇ ಆಗಿರುವಾಗ ಉಳಿಯುವ ವ್ಯತ್ಯಾಸದ ಬಹುಭಾಗ ಗಿಟಾರ್ ಹಿಡಿದ ಕೈಗಳದ್ದು, ಹಾಡನ್ನು ಕಟ್ಟಿದ ತಲೆಗಳದ್ದು.

ಆ ಕೈಗಳ ಭೇದವನ್ನು ನಮಗೆ ತೋರಿಸಿಕೊಟ್ಟವರು ಹೆಂಡ್ರಿಕ್ಸ್‌ನ ಹೆಸರನ್ನೇ ಕೇಳಿರದ ಒಬ್ಬ ಹಿರಿಯರು. ಪಕ್ಕದ ಮನೆಯ ಮಾಸ್ತರರು ಭಜನಾ ಮಂಡಳಿಗೆ ಹಾರ್ಮೋನಿಯಂ ಸಾಥ್ ಕೊಡುವವರು; ಒಂದು ರಾತ್ರಿ ಸೆಖೆ ತಾಳಲಾರದೆ ತಮ್ಮ ಮಾಳಿಗೆಗೆ ಬಂದವರು ನಮ್ಮ ಸದ್ದು ಕೇಳಿ ಈಚೆಗೆ ದಾಟಿಕೊಂಡು ಬಂದು ಕುಳಿತರು. ಎರಡೂ ರೆಕಾರ್ಡಿಂಗ್‌ಗಳನ್ನು ಒಂದಾದ ಮೇಲೊಂದು ಹಾಕಿಸಿ, ಹಾಡಿನ ಮೊದಲ ನುಡಿಯನ್ನು ಮಾತ್ರ ಮೂರು ಸಲ ಕೇಳಿದರು. ಕೇಳುವಾಗ ಬಲಗೈ ಬೆರಳುಗಳು ತೊಡೆಯ ಮೇಲೆ ಹಾರ್ಮೋನಿಯಂ ಮನೆಗಳನ್ನು, ಅಂದರೆ ಕೀಲಿಗಳನ್ನು, ಒತ್ತುತ್ತಿದ್ದವು. ಆಮೇಲೆ ಪೇಜ್‌ನ ಕಡೆ ಕೈ ತೋರಿಸಿ, “ಇವ್ನು ಹಾಡೋನ ಜೊತೀಗೇ ಹೊಂಟಾನ, ಆ ಮೊದಲಿನಾವ ಹಾಡೋನು ಬಾಯಿ ಮುಚ್ಚೋದನ್ನೇ ಕಾಯ್ತಾನ” ಎಂದರು.

ಅದು ಅಕ್ಷರಶಃ ನಿಜ. ಜೆಪ್ಪೆಲಿನ್ ರೆಕಾರ್ಡಿಂಗ್‌ನಲ್ಲಿ ರಾಬರ್ಟ್ ಪ್ಲಾಂಟ್ ಹಾಡುವ ಸಾಲನ್ನೇ ಪೇಜ್ ತಂತಿಯ ಮೇಲೆ ಸ್ಲೈಡ್ (ಬೆರಳಿಗೆ ತೊಡುವ ಕೊಳವೆ) ಜಾರಿಸುತ್ತ ಧ್ವನಿಯ ಬೆನ್ನಿಗೆ ಬೆನ್ನು ಹಚ್ಚಿ ನುಡಿಸುತ್ತಾನೆ. ಬೆಕ್ ಹಾಗೆ ಮಾಡುವುದಿಲ್ಲ. ಅವನ ಗಾಯಕ ರಾಡ್ ಸ್ಟೀವರ್ಟ್ ಒಂದು ಸಾಲನ್ನು ಮುಗಿಸಿ ಉಸಿರು ಎಳೆದುಕೊಳ್ಳುವ ಸಂದಿಯಲ್ಲಿ ನುಗ್ಗಿ, ಮುಂದಿನ ಸಾಲಿನ ಹೊಸ್ತಿಲ ತನಕ ತನ್ನ ಮಾತನ್ನು ಎಳೆಯುತ್ತಾನೆ. ಬೆಕ್‌ನ ಹಾಡು ಎರಡೂವರೆ ನಿಮಿಷದಲ್ಲಿ ಮುಗಿದರೆ, ಪೇಜ್ ಅದೇ ಹಾಡನ್ನು ಆರು ನಿಮಿಷಕ್ಕೂ ಮೀರಿ ಹಿಗ್ಗಿಸಿ, ಆರ್ಗನ್ನಿಗೆ, ಹಾರ್ಮೋನಿಕಾಕ್ಕೆ, ಕೊನೆಗೆ ಗಿಟಾರಿಗೆ ಸರದಿ ಹಂಚಿ, ಅಂತ್ಯದಲ್ಲಿ ಧ್ವನಿಗೂ ಗಿಟಾರಿಗೂ ಸವಾಲ್-ಜವಾಬ್ ಇಡುತ್ತಾನೆ. ಒಬ್ಬ ಸಂದಿಯಲ್ಲಿ ಬದುಕುವ ವಾದಕ, ಇನ್ನೊಬ್ಬ ಇಡೀ ಹಂದರವನ್ನು ಕಟ್ಟುವವ. ನನಗೆ ಬೆಕ್ ಹೆಚ್ಚು ಇಷ್ಟ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಅದೇನೇ ಇರಲಿ, ಗಿಟಾರ್ ವಾದಕನನ್ನು ಕೇಳುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಅವನ ವೇಗದ್ದಲ್ಲ. ಹಾಡುವವನು ಹಾಡುತ್ತಿರುವಾಗ ಅವನು ಏನು ಮಾಡುತ್ತಾನೆ ಎಂಬುದು.

ಹೋಲಿಕೆ ಕೆಡುವುದು ಬಹಳ ಸಲ ಕಿವಿಯಿಂದಲ್ಲ, ಸಲಕರಣೆಯಿಂದ. ಎರಡು ರೆಕಾರ್ಡಿಂಗ್‌ಗಳಲ್ಲಿ ಯಾವುದರ ಸದ್ದು ಸ್ವಲ್ಪ ಜೋರಾಗಿದೆಯೋ ಅದೇ ಉತ್ತಮವೆಂದು ಕೇಳುವವರಿಗೆ ತೋರುತ್ತದೆ. ಹೊಸದಾಗಿ ಸಂಸ್ಕರಿಸಿದ ಆವೃತ್ತಿಗಳು ಹಳೆಯವುಗಳಿಗಿಂತ ಜೋರಾಗಿರುವುದು ಸಾಮಾನ್ಯವಾದ್ದರಿಂದ, ವಾಲ್ಯೂಮ್ ಸಮ ಮಾಡಿಕೊಳ್ಳದೆ ಯಾವ ಮಾತನ್ನೂ ಆಡಬಾರದು. ಫ್ಯಾನಿನ ಸದ್ದೂ ಕಡಿಮೆ ಶತ್ರುವಲ್ಲ. ಸ್ವರ ಕರಗುವ ಕೊನೆಯ ತುದಿಯನ್ನೂ ಡ್ರಮ್ಮಿನ ತಾಳದ ತಟ್ಟೆಗಳ ಸಣ್ಣ ಸದ್ದನ್ನೂ ಅದು ನುಂಗಿಬಿಡುತ್ತದೆ. ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ ಫ್ಯಾನ್ ಆರಿಸಿ ಕೂರಿರೆಂದು ಹೇಳುವ ಧೈರ್ಯ ನನಗಿಲ್ಲವಾದ್ದರಿಂದ, ಬೆಳಗಿನ ಐದು ಗಂಟೆಯ ತಂಪಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಕೇಳುವುದೇ ಲೇಸು.

ವೇಗವನ್ನೂ ಪರೀಕ್ಷಿಸಬೇಕು. ಕಾಲೇಜಿನ ದಿನಗಳಲ್ಲಿ ನಾನು ಒಂದು ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ಟಿಗೆ ಡೀಪ್ ಪರ್ಪಲ್ ತಂಡದ ಹಾಡುಗಳನ್ನು ತುಂಬಿಸಿಕೊಂಡು ಬಂದಿದ್ದೆ. ಆ ಅಂಗಡಿಯ ಡೆಕ್ಕಿನ ದೋಷದಿಂದ ಹಾಡುಗಳೆಲ್ಲ ಓಡುತ್ತಿದ್ದವು ಎಂಬುದು ತಿಳಿಯದೆ, ಆ ತಂಡದ ಗಿಟಾರ್ ವಾದಕ ರಿಚೀ ಬ್ಲ್ಯಾಕ್‌ಮೋರ್‌ನ ಕೈಯಲ್ಲಿ ಬೇರೆ ಯಾರಲ್ಲಿಯೂ ಇಲ್ಲದ ಒಂದು ಆತುರವಿದೆ ಎಂದು ವರ್ಷಗಟ್ಟಲೆ ವಾದಿಸಿದೆ. ‘ಸ್ಮೋಕ್ ಆನ್ ದ ವಾಟರ್’ ಹಾಡಿನ ಪ್ರಸಿದ್ಧ ಆರಂಭವನ್ನು ಮಾಸ್ತರರ ಹಾರ್ಮೋನಿಯಂ ಮೇಲೆ ಹುಡುಕಿದಾಗ, ಅದು ಬಿಳಿ ಐದರಿಂದ ಹೊರಡಬೇಕಾದದ್ದು ನನ್ನ ಕ್ಯಾಸೆಟ್ಟಿನಲ್ಲಿ ಕರಿ ನಾಲ್ಕರಿಂದ ಹೊರಡುತ್ತಿತ್ತು. ಶ್ರುತಿ ಒಂದು ಮನೆ ಏರಿತೆಂದರೆ ವೇಗ ನೂರಕ್ಕೆ ಸುಮಾರು ಆರರಷ್ಟು ಹೆಚ್ಚಾಗಿದೆ ಎಂದರ್ಥ. ಆತುರವಿದ್ದದ್ದು ಡೆಕ್ಕಿನ ಮೋಟಾರಿಗೆ. ಹಾರ್ಮೋನಿಯಂ ಇಲ್ಲದವರು ಫೋನಿನ ಟ್ಯೂನರ್ ಆ್ಯಪ್ ಬಳಸಬಹುದು.

ಬ್ಲ್ಯಾಕ್‌ಮೋರ್‌ನ ನಿಜವಾದ ಗುಣ ಅದೇ ಹಾಡಿನಲ್ಲಿಯೇ ಇದೆ. 1972ರ ಆ ಆರಂಭದಲ್ಲಿ ಅವನು ಎರಡೆರಡು ತಂತಿಗಳನ್ನು ಕಡ್ಡಿಯಿಂದ (ತಂತಿ ಮೀಟುವ ಪಿಕ್) ಹೊಡೆಯದೆ ಬೆರಳುಗಳಿಂದ ಚಿವುಟಿ ಎಳೆಯುತ್ತಾನೆ. ಕಡ್ಡಿ ಒಂದು ತಂತಿಯನ್ನು ದಾಟಿ ಇನ್ನೊಂದನ್ನು ಮುಟ್ಟುವಷ್ಟರಲ್ಲಿ ಕೂದಲೆಳೆಯಷ್ಟು ಹೊತ್ತು ಕಳೆಯುತ್ತದೆ. ಬೆರಳುಗಳು ಚಿವುಟಿದಾಗ ಎರಡೂ ಸ್ವರಗಳು ಒಟ್ಟಿಗೆ ಹುಟ್ಟುತ್ತವೆ. ಹೊಸದಾಗಿ ಕಲಿತ ಹುಡುಗರು ಅದೇ ಸ್ವರಗಳನ್ನು ಕಡ್ಡಿಯಿಂದ ನುಡಿಸಿದಾಗ ಏನೋ ಸಡಿಲವಾಗಿದೆ ಅನಿಸುವುದು ಇದಕ್ಕಾಗಿಯೇ. ಸ್ವರ ಹುಟ್ಟುವ ಆ ಕ್ಷಣವನ್ನು ಹೀಗೆ ಪ್ರತ್ಯೇಕವಾಗಿ ಕೇಳಬೇಕು; ಶ್ರುತಿ ಕೆಡಿಸದೆ ವೇಗವನ್ನು ಅರ್ಧಕ್ಕಿಳಿಸುವ ಸೌಲಭ್ಯ ಈಗ ಫೋನಿನಲ್ಲಿಯೇ ಇರುವುದರಿಂದ ಅದು ಕಷ್ಟವೂ ಅಲ್ಲ.

ಮುಂದಿನದು ವಾದ್ಯದ ಗುಣವನ್ನು ಕೈಯ ಗುಣದಿಂದ ಬೇರ್ಪಡಿಸುವುದು. ಗಿಬ್ಸನ್ ಲೆಸ್ ಪಾಲ್ ಗಿಟಾರಿನ ನಾದ ದಪ್ಪ, ಫೆಂಡರ್ ಗಿಟಾರುಗಳದ್ದು ತೆಳು ಮತ್ತು ಚೂಪು ಎಂಬ ಸ್ಥೂಲ ತಿಳಿವಳಿಕೆ ಸರಿಯೇ, ಆದರೆ ಅದನ್ನೇ ನಂಬಿ ಕೂತರೆ ಮೋಸ ಹೋಗುತ್ತೇವೆ. ಪೇಜ್ ಎಂದೊಡನೆ ಎಲ್ಲರ ಕಣ್ಣಿಗೆ ಕಟ್ಟುವುದು ಲೆಸ್ ಪಾಲ್. ಆದರೆ ಜೆಪ್ಪೆಲಿನ್‌ನ ಮೊದಲ ಆಲ್ಬಮ್ಮಿನ ಬಹುಪಾಲನ್ನು ಅವನು ನುಡಿಸಿದ್ದು ಬೆಕ್ ಕಾಣಿಕೆಯಾಗಿ ಕೊಟ್ಟ ಫೆಂಡರ್ ಟೆಲಿಕ್ಯಾಸ್ಟರಿನ ಮೇಲೆ. ಇಲ್ಲಿ ನೆರವಿಗೆ ಬರುವವನು ಕ್ಲಾಪ್ಟನ್. 1966ರಿಂದ 1968ರ ತನಕ ಕ್ರೀಮ್ ತಂಡದಲ್ಲಿ ಅವನ ಕೈಯಲ್ಲಿದ್ದದ್ದು ಗಿಬ್ಸನ್ ಗಿಟಾರುಗಳು, 1970ರಿಂದ ಈಚೆಗೆ ಹೆಚ್ಚಾಗಿ ಫೆಂಡರ್ ಸ್ಟ್ರಾಟೊಕ್ಯಾಸ್ಟರ್. ಎರಡು ಕಾಲದ ರೆಕಾರ್ಡಿಂಗ್‌ಗಳನ್ನೂ ಕೇಳಿ, ವಾದ್ಯ ಬದಲಾದರೂ ಬದಲಾಗದೆ ಉಳಿದದ್ದು ಏನೆಂದು ಬರೆದಿಟ್ಟರೆ ಅದು ಅವನ ಬಾಜ್. ನನ್ನ ಪಟ್ಟಿಯಲ್ಲಿ ಉಳಿದದ್ದು ಸ್ವರವನ್ನು ಹಿಡಿದು ನಿಲ್ಲಿಸಿ ಆಮೇಲೆ ಮಣಿಕಟ್ಟಿನಿಂದ ಅದನ್ನು ತೂಗುವ ಬಗೆ.

ಈ ತೂಗುವಿಕೆಯೇ ಎಲ್ಲಕ್ಕಿಂತ ಸೂಕ್ಷ್ಮವಾದ ಗುರುತು. ಸಿತಾರಿನಲ್ಲಿ ಮೀಂಡ್ ತೆಗೆಯುವಂತೆ ಗಿಟಾರಿನಲ್ಲಿಯೂ ತಂತಿಯನ್ನು ಅಡ್ಡಕ್ಕೆ ತಳ್ಳಿ ಸ್ವರವನ್ನು ಏರಿಸುತ್ತಾರೆ. ಏರಿಕೆ ಒಂದೇ ಉಸಿರಿನಲ್ಲಿ ಆಗುತ್ತದೆಯೇ, ಮೆಟ್ಟಿಲು ಮೆಟ್ಟಿಲಾಗಿ ಆಗುತ್ತದೆಯೇ, ಗುರಿ ಮುಟ್ಟಿದ ಮೇಲೆ ಆಂದೋಲನ ತಕ್ಷಣ ಶುರುವಾಗುತ್ತದೆಯೇ ಅಥವಾ ಸ್ವಲ್ಪ ತಡೆದು ಬರುತ್ತದೆಯೇ ಎಂಬುದನ್ನು ಗಮನಿಸಬೇಕು. 1979ರ ‘ಕಂಫರ್ಟಬ್ಲಿ ನಂಬ್’ ಹಾಡಿನ ಕೊನೆಯಲ್ಲಿ ಬರುವ, ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್‌ನ ದೀರ್ಘ ವಾದನ ಇದಕ್ಕೆ ಉತ್ತಮ ಪಾಠ. ಅದರ ಎದುರಿಗೆ ಬೆಕ್‌ನ 1989ರ ‘ವೇರ್ ವರ್ ಯೂ’ ಇಡಬೇಕು. 1980ರ ದಶಕದಲ್ಲಿ ಕಡ್ಡಿಯನ್ನು ಕೈಬಿಟ್ಟು ಬೆರಳುಗಳಿಂದಲೇ ನುಡಿಸತೊಡಗಿದ ಬೆಕ್ ಅಲ್ಲಿ ಗಿಟಾರಿನ ಸೇತುವೆಗೆ ಸೇರಿದ ಸರಳನ್ನು ಅಲುಗಿಸಿ ಸ್ವರದಿಂದ ಸ್ವರಕ್ಕೆ ಜಾರುತ್ತಾನೆ. ಮಾಸ್ತರರು ಅದನ್ನು ಕೇಳಿ ವಾದ್ಯ ಯಾವುದೆಂದು ಕೇಳಿದರು. ಗಿಟಾರ್ ಎಂದರೆ ಒಪ್ಪಲಿಲ್ಲ.

ಡ್ರಮ್ಮಿನ ವಿಷಯದಲ್ಲಿ ಮಾತ್ರ ಕಿವಿಗಿಂತ ಕಣ್ಣು ಮುಂದೆ. ರೋಲಿಂಗ್ ಸ್ಟೋನ್ಸ್ ತಂಡದ ಚಾರ್ಲಿ ವಾಟ್ಸ್ ಎಡಗೈಯಿಂದ ಸ್ನೇರ್ ಡ್ರಮ್ಮಿಗೆ ಪೆಟ್ಟು ಹಾಕುವಾಗ ಬಲಗೈಯನ್ನು ಹೈ-ಹ್ಯಾಟಿನಿಂದ (ಜೋಡಿ ತಾಳದ ತಟ್ಟೆಗಳಿಂದ) ಎತ್ತಿಬಿಡುತ್ತಿದ್ದ. ವಿಡಿಯೊದಲ್ಲಿ ಇದನ್ನು ಒಮ್ಮೆ ಕಂಡ ಮೇಲೆ ಆ ಪೆಟ್ಟು ಯಾಕೆ ಅಷ್ಟು ಒಂಟಿಯಾಗಿ, ಸ್ವಚ್ಛವಾಗಿ ಕೇಳುತ್ತದೆ ಎಂಬುದು ತಿಳಿಯುತ್ತದೆ. ಜೆಪ್ಪೆಲಿನ್‌ನ ಜಾನ್ ಬೊನ್‌ಹ್ಯಾಮ್‌ನ ಬಲಗಾಲಿನ ಕೆಲಸವನ್ನು ‘ಗುಡ್ ಟೈಮ್ಸ್ ಬ್ಯಾಡ್ ಟೈಮ್ಸ್’ ಹಾಡಿನಲ್ಲಿ ಕೇಳಿ. ಎರಡು ಕಾಲುಗಳ ಕೆಲಸದಂತಿರುವ ಆ ತ್ವರಿತ ಪೆಟ್ಟುಗಳನ್ನು ಅವನು ಒಂದೇ ಪೆಡಲಿನಲ್ಲಿ ತೆಗೆದಿದ್ದಾನೆ. ಆದರೆ 1971ರ ‘ವೆನ್ ದ ಲೆವೀ ಬ್ರೇಕ್ಸ್’ ಹಾಡಿನ ಗುಡುಗನ್ನು ಪೂರ್ತಿಯಾಗಿ ಅವನ ಖಾತೆಗೆ ಬರೆಯಬಾರದು: ಹೆಡ್ಲಿ ಗ್ರೇಂಜ್ ಎಂಬ ಹಳೆಯ ಮನೆಯ ಮೆಟ್ಟಿಲ ಬುಡದ ಹಜಾರದಲ್ಲಿ ಡ್ರಮ್ಮುಗಳನ್ನಿಟ್ಟು, ಮೈಕುಗಳನ್ನು ಮೇಲಿನಿಂದ ಇಳಿಬಿಟ್ಟು ಧ್ವನಿಮುದ್ರಿಸಿದ್ದರಿಂದ, ಅಲ್ಲಿ ಕೇಳುವುದರಲ್ಲಿ ಒಂದು ಪಾಲು ಆ ಕಟ್ಟಡದ್ದು.

ಮಂದ್ರಸ್ವರಗಳನ್ನು ನುಡಿಸುವ ಬೇಸ್ ಗಿಟಾರನ್ನು ಬಿಡಿಸಿ ಕೇಳಲು ಒಂದು ಸುಲಭ ಉಪಾಯವಿದೆ. ದ ಹೂ ತಂಡದ 1970ರ ‘ಲೈವ್ ಅಟ್ ಲೀಡ್ಸ್’ ಧ್ವನಿಮುದ್ರಿಕೆಯಲ್ಲಿ ಜಾನ್ ಎಂಟ್‌ವಿಸಲ್‌ನ ಬೇಸ್ ಒಂದು ಕಿವಿಗೂ ಪೀಟ್ ಟೌನ್‌ಶೆಂಡ್‌ನ ಗಿಟಾರ್ ಇನ್ನೊಂದು ಕಿವಿಗೂ ಹಂಚಿಹೋಗಿವೆ. ಇಯರ್‌ಫೋನಿನ ಒಂದು ತುದಿಯನ್ನು ತೆಗೆದಿಟ್ಟರೆ ಸಾಕು.

ಕೇಳಿದ್ದನ್ನು ಬರೆದಿಡುವಾಗ ‘ಅದ್ಭುತ’, ‘ಭಾವಪೂರ್ಣ’ ಮುಂತಾದ ಮಾತುಗಳನ್ನು ನಾವು ನಿಷೇಧಿಸಿದ್ದೇವೆ. ಹಾಡಿನ ನಿಮಿಷ-ಸೆಕೆಂಡುಗಳನ್ನು ನಮೂದಿಸಿ ಅಲ್ಲಿ ಕೈ ಏನು ಮಾಡಿತು ಎಂಬುದನ್ನಷ್ಟೇ ಬರೆಯಬೇಕು. ಇಬ್ಬರು ಬೇರೆ ಬೇರೆಯಾಗಿ ಬರೆದದ್ದು ತಾಳೆಯಾದರೆ ಮಾತ್ರ ಅದು ವಹಿಗೆ ಏರುತ್ತದೆ. ಮುಂದಿನ ಭಾನುವಾರಕ್ಕೆ ‘ಲಿಟಲ್ ವಿಂಗ್’ ಇಟ್ಟುಕೊಂಡಿದ್ದೇವೆ: ಹೆಂಡ್ರಿಕ್ಸ್ 1967ರಲ್ಲಿ ನುಡಿಸಿದ್ದು ಒಂದು, ಕ್ಲಾಪ್ಟನ್ ಡೆರಿಕ್ ಆ್ಯಂಡ್ ದ ಡಾಮಿನೋಸ್ ತಂಡದೊಂದಿಗೆ 1970ರಲ್ಲಿ ನುಡಿಸಿದ್ದು ಇನ್ನೊಂದು. ಹಳೆಯ ಜಗಳದ ಇಬ್ಬರೂ ಒಂದೇ ಹಾಡಿನಲ್ಲಿದ್ದಾರೆ. ಹೆಂಡ್ರಿಕ್ಸ್ ಹೆಬ್ಬೆರಳನ್ನು ಗಿಟಾರಿನ ಕತ್ತಿನ ಮೇಲಿನಿಂದ ಸುತ್ತಿ ಮಂದ್ರದ ಸ್ವರವನ್ನು ಒತ್ತಿ ಹಿಡಿದು, ಉಳಿದ ಬೆರಳುಗಳನ್ನು ಅಲಂಕಾರಕ್ಕೆ ಬಿಟ್ಟುಕೊಡುತ್ತಾನೆ. ಕ್ಲಾಪ್ಟನ್‌ನ ರೆಕಾರ್ಡಿಂಗ್‌ನಲ್ಲಿ ಜೊತೆಗೆ ಡ್ವೇನ್ ಆಲ್‌ಮನ್‌ನ ಗಿಟಾರೂ ಇರುವುದರಿಂದ ಯಾವ ಸ್ವರ ಯಾರದ್ದೆಂದು ಬಿಡಿಸುವ ಕೆಲಸ ಮೊದಲು ಆಗಬೇಕು. ಮಾಸ್ತರರು ತಾವೂ ಬರುವುದಾಗಿ ಹೇಳಿದ್ದಾರೆ. ಮಿರ್ಚಿ ಮಾತ್ರ ಹಾಡು ಶುರುವಾಗುವ ಮೊದಲೇ ತಿಂದು ಮುಗಿಸಬೇಕೆಂಬುದು ಅವರ ಕರಾರು.