ಕುಸುಮ ರೋಗದ ಬಗ್ಗೆ ಯಾರಿಗೆ ಏನು ಹೇಳಬೇಕು: ನನ್ನ ಅನುಭವ

ನನ್ನ ಮಗನಿಗೆ ಕುಸುಮ ರೋಗ, ಅಂದರೆ ಹಿಮೋಫಿಲಿಯಾ ಇದೆ. ಅವನದು ಹಿಮೋಫಿಲಿಯಾ ಎ, ರಕ್ತ ಹೆಪ್ಪುಗಟ್ಟಲು ಬೇಕಾದ ಎಂಟನೇ ಫ್ಯಾಕ್ಟರ್ ಎಂಬ ಪ್ರೋಟೀನಿನ ಕೊರತೆ. ಅದು ಗೊತ್ತಾದಂದಿನಿಂದ ನಮ್ಮ ತಾಲ್ಲೂಕಿನ ಶಾಲೆಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈ ಕಾಯಿಲೆಯ ಬಗ್ಗೆ ತಿಳಿಹೇಳುತ್ತಾ ಬಂದಿದ್ದೇನೆ. ಸುಮಾರು 5,000 ಗಂಡುಶಿಶುಗಳಲ್ಲಿ ಒಂದಕ್ಕೆ ಬರುವ ಕಾಯಿಲೆಯಾದ್ದರಿಂದ ಒಬ್ಬ ಶಿಕ್ಷಕರು ನಿವೃತ್ತಿಯಾಗುವವರೆಗೂ ಇಂಥ ಒಂದು ಮಗುವನ್ನೂ ಕಾಣದೆ ಇರಬಹುದು. ಏಪ್ರಿಲ್ 17ರ ವಿಶ್ವ ಹಿಮೋಫಿಲಿಯಾ ದಿನದಂದು ಜಾಥಾ ನಡೆಸುವುದು ಒಳ್ಳೆಯದೇ. ಆದರೆ ಮಗುವಿನ ಮೊಣಕಾಲು ಊದಿಕೊಳ್ಳುವ ಹೊತ್ತಿಗೆ ಪಕ್ಕದಲ್ಲಿರುವವರಿಗೆ ತಾವು ಏನು ಮಾಡಬೇಕೆಂಬುದು ಗೊತ್ತಿರುವುದೇ ಎಲ್ಲಕ್ಕಿಂತ ಮುಖ್ಯ ಎಂದು ನಾನು ನಂಬಿದ್ದೇನೆ.

ಹೀಗಾಗಿ ಕೇಳುವವರನ್ನು ನೋಡಿಕೊಂಡು ಮಾತು ಆರಿಸಿಕೊಳ್ಳುತ್ತೇನೆ. ಹೊರಗೆ ಸುರಿಯುವ ರಕ್ತಕ್ಕಿಂತ ಕೀಲಿನೊಳಗೆ ಕಾಣದಂತೆ ಆಗುವ ರಕ್ತಸ್ರಾವವೇ ಈ ಮಕ್ಕಳನ್ನು ಹೆಚ್ಚು ಕಾಡುತ್ತದೆಂದೂ, ಮಗು ಕಾಲು ಜುಮುಗುಡುತ್ತಿದೆ ಎಂದಾಗ ಊತ ಕಾಣುವವರೆಗೆ ಕಾಯದೆ ಕೂರಿಸಿ, ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಮನೆಯವರಿಗೆ ಫೋನ್ ಮಾಡಬೇಕೆಂದೂ ದೈಹಿಕ ಶಿಕ್ಷಕರಿಗೆ ಹೇಳುತ್ತೇನೆ. ತಲೆಗೆ ಪೆಟ್ಟಾದರೆ ಮಾತ್ರ ನೇರವಾಗಿ ಆಸ್ಪತ್ರೆಗೇ ಹೋಗಬೇಕು. ಎಣ್ಣೆ ಹಚ್ಚಿ ನೀವುವುದು, ಬಿಸಿ ಶಾಖ ಕೊಡುವುದು ರಕ್ತಸ್ರಾವವನ್ನು ಹೆಚ್ಚಿಸುತ್ತದೆ ಎಂಬುದನ್ನು ಅಜ್ಜಿಯರಿಗೆ ಕೈಹಿಡಿದು ತಿಳಿಸಬೇಕಾಗುತ್ತದೆ, ಏಕೆಂದರೆ ಅವರು ಅದನ್ನು ಮಾಡುವುದು ಪ್ರೀತಿಯಿಂದ. ನರ್ಸ್‌ಗಳ ಸಭೆಗೆ ಈ ಕೊರತೆ ತುಂಬಲು ಚುಚ್ಚುಮದ್ದಾಗಿ ಕೊಡುವ ಫ್ಯಾಕ್ಟರ್‌ನ ಖಾಲಿ ಬಾಟಲಿಯೊಂದನ್ನು ಒಯ್ಯುತ್ತೇನೆ. ಪುಡಿಗೆ ನೀರು ಸೇರಿಸಿದ ಮೇಲೆ ಅದನ್ನು ಕುಲುಕಬಾರದು, ನೊರೆ ಬಾರದಂತೆ ಮೆಲ್ಲನೆ ತಿರುಗಿಸಬೇಕು. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಕೈಯಲ್ಲಿ ತೋರಿಸುವುದೇ ಸರಿ. ಸೊಂಟಕ್ಕೆ ಇಂಜೆಕ್ಷನ್ ಬೇಡ, ಆಸ್ಪಿರಿನ್ ಬೇಡ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು ಎಂದೂ ತಿಳಿಸುತ್ತೇನೆ.

ಅತ್ಯಂತ ಕಷ್ಟದ ಮಾತುಕತೆ ನಡೆಯುವುದು ಮನೆಗಳಲ್ಲಿ. ಈ ಕಾಯಿಲೆಗೆ ಕಾರಣವಾದ ಜೀನ್ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಅದು ತಾಯಿಯಿಂದ ಮಗನಿಗೆ ಬರುತ್ತದೆ, ಮತ್ತು ಅದನ್ನು ಅರೆಬರೆ ಕೇಳಿಸಿಕೊಂಡ ಅತ್ತೆ ಮನೆಯವರು ಸೊಸೆಯನ್ನು ತವರಿಗೆ ಕಳುಹಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಥಲ್ಲಿ ಕೂತು, ಸುಮಾರು ಮೂರನೇ ಒಂದು ಪಾಲು ಪ್ರಕರಣಗಳಲ್ಲಿ ವಂಶದಲ್ಲಿ ಯಾರಿಗೂ ಇಲ್ಲದೆ ಹೊಸ ಬದಲಾವಣೆಯಿಂದಲೇ ಕಾಯಿಲೆ ಬರುತ್ತದೆಂದೂ, ವಾಹಕಿಯಾದ, ಅಂದರೆ ಆ ಜೀನ್ ಹೊತ್ತಿರುವ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೆ ಅರ್ಧಕ್ಕರ್ಧ ಸಾಧ್ಯತೆ ಮಾತ್ರವೆಂದೂ, ಇದರಲ್ಲಿ ಯಾರ ತಪ್ಪೂ ಇಲ್ಲವೆಂದೂ ಹಾಳೆಯ ಮೇಲೆ ಚಿತ್ರ ಬರೆದು ವಿವರಿಸುತ್ತೇನೆ. ಆ ಹೊತ್ತು ಗಂಡನೂ ಕೂತಿರಲೇಬೇಕೆಂದು ಪಟ್ಟು ಹಿಡಿಯುತ್ತೇನೆ.

ಕಚೇರಿಗಳ ಜೊತೆಗಿನ ಕೆಲಸಕ್ಕೆ ಬೇಕಾದದ್ದು ಕಾಗದಪತ್ರ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ಹೆಸರಿಸಿರುವ 21 ಅಂಗವೈಕಲ್ಯಗಳಲ್ಲಿ ಹಿಮೋಫಿಲಿಯಾವೂ ಸೇರಿದೆ. ಆದರೂ ಕೈಕಾಲು ನೆಟ್ಟಗಿರುವ ಹುಡುಗನಿಗೆ ಪ್ರಮಾಣಪತ್ರ ಏಕೆಂದು ಕೇಳುವವರು ಇದ್ದಾರೆ. ಅವರೊಡನೆ ವಾದಕ್ಕಿಳಿಯದೆ ಅಧಿನಿಯಮದ ಅನುಸೂಚಿಯ ಪ್ರತಿಯನ್ನು ಅರ್ಜಿಯ ಜೊತೆಗೇ ಲಗತ್ತಿಸುತ್ತೇವೆ. ಜಿಲ್ಲಾಸ್ಪತ್ರೆಯಲ್ಲಿ ಫ್ಯಾಕ್ಟರ್ ದಾಸ್ತಾನು ಇರಬೇಕೆಂದು ಕೇಳುವಾಗಲೂ, ಯಾವ ಮಗುವಿಗೆ ಯಾವ ದಿನ ಯಾವ ಕೀಲಿಗೆ ರಕ್ತಸ್ರಾವವಾಯಿತು, ಎಷ್ಟು ಯೂನಿಟ್ ಕೊಟ್ಟರು ಎಂದು ಪೋಷಕರೇ ಬರೆದಿಟ್ಟ ಪುಸ್ತಕಗಳನ್ನು ಮುಂದಿಟ್ಟಾಗ ಸಿಕ್ಕಷ್ಟು ಗಮನ ಬರಿಯ ಮನವಿಪತ್ರಕ್ಕೆ ಸಿಕ್ಕಿದ್ದಿಲ್ಲ.

ಈಗ ನಮ್ಮ ಬೇಡಿಕೆ ಹೆಣ್ಣುಮಕ್ಕಳದ್ದು. ವಾಹಕಿಯರಲ್ಲಿ ಕೆಲವರಿಗೆ ಫ್ಯಾಕ್ಟರ್ ಪ್ರಮಾಣವೇ ಕಡಿಮೆಯಿದ್ದು, ಮುಟ್ಟಿನಲ್ಲಿ, ಹೆರಿಗೆಯ ನಂತರ ಅತಿಯಾದ ರಕ್ತಸ್ರಾವವಾಗುತ್ತದೆ. ಈ ಹುಡುಗರ ಅಕ್ಕತಂಗಿಯರ ಫ್ಯಾಕ್ಟರ್ ಪರೀಕ್ಷೆಯನ್ನು ಮದುವೆ, ಬಸಿರಿಗೆ ಮೊದಲೇ ಮಾಡಿಸಬೇಕೆಂದು ಆಶಾ ಕಾರ್ಯಕರ್ತೆಯರ ಸಭೆಗಳಲ್ಲಿ ಕೇಳಿಕೊಳ್ಳುತ್ತಿದ್ದೇವೆ.