ಮೆಷರ್‌ಗೆ ಓಟು ಹಾಕುವ ಮುಂಚೆ ಆ ಪುಸ್ತಕವನ್ನು ಹಿಂದಿನಿಂದ ತೆಗೆಯಿರಿ

ಕ್ಯಾಲಿಫೋರ್ನಿಯಾದಲ್ಲಿ ಅಮೆರಿಕದ ಪೌರತ್ವ ಪಡೆದು, ಮತದಾರರ ಪಟ್ಟಿಗೆ ಸೇರಿದ ನಮ್ಮಂಥವರಿಗೆ ಚುನಾವಣೆಗೆ ಸುಮಾರು ಒಂದು ತಿಂಗಳ ಮುಂಚೆ ಟಪಾಲಿನಲ್ಲಿ ಎರಡು ವಸ್ತು ಬರುತ್ತವೆ. ಒಂದು ಮತಪತ್ರದ ಲಕೋಟೆ. ಇನ್ನೊಂದು ಕೌಂಟಿಯವರು ಕಳಿಸುವ ದಪ್ಪ ಪುಸ್ತಕ. ಮೆಷರ್‌ಗಳ, ಅಂದರೆ ಜನರೇ ನೇರವಾಗಿ ಓಟು ಹಾಕಿ ತೀರ್ಮಾನಿಸುವ ಪ್ರಸ್ತಾವಗಳ, ವಿವರ ಅದರಲ್ಲಿ ಇರುತ್ತದೆ. ಲಕೋಟೆ ಡೈನಿಂಗ್ ಟೇಬಲ್ ಮೇಲೆ ಕೂರುತ್ತದೆ, ಪುಸ್ತಕ ಸೀದಾ ರೀಸೈಕಲ್ ಡಬ್ಬಕ್ಕೆ ಹೋಗುತ್ತದೆ. ನಾನೂ ಹಾಗೇ ಮಾಡುತ್ತಿದ್ದೆ.

ಮೊದಲ ಸಲ ಓಟು ಹಾಕಿದಾಗ ಮೇಲಿನ ದೊಡ್ಡ ಹುದ್ದೆಗಳಿಗೆಲ್ಲ ಖುಷಿಯಿಂದ ಗುರುತು ಹಾಕಿ, ಕೊನೆಯ ಹಾಳೆಗೆ ಬರುವಷ್ಟರಲ್ಲಿ ಸುಸ್ತಾಗಿ, ಯಾವುದೋ ಶಾಲೆಯ ಮೆಷರ್‌ನಲ್ಲಿ 'ಮಕ್ಕಳು', 'ವಿಜ್ಞಾನ', 'ಗ್ರಂಥಾಲಯ' ಅನ್ನೋ ಪದ ನೋಡಿ ಸುಮ್ನೆ 'ಹೌದು' ಅಂತ ತುಂಬಿಬಿಟ್ಟೆ. ಮುಂದಿನ ವರ್ಷ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲಿನಲ್ಲಿ ಒಂದು ಹೊಸ ಸಾಲು ಇತ್ತು. ಅದು ಪಾರ್ಸೆಲ್ ಟ್ಯಾಕ್ಸ್, ಅಂದರೆ ಒಂದೊಂದು ಆಸ್ತಿಗೆ ಇಷ್ಟು ಅಂತ ಹಾಕುವ ತೆರಿಗೆ ಆಗಿತ್ತು. ಶಾಲೆಗೆ ಹೋದ ದುಡ್ಡು, ಅದಕ್ಕೆ ಬೇಜಾರಿಲ್ಲ. ಕೊಡ್ತಾ ಇದ್ದೀನಿ ಅಂತ ಗೊತ್ತಿಲ್ಲದೇ ಕೊಟ್ಟೆನಲ್ಲ, ಅದಕ್ಕೆ ಬೇಜಾರು.

ಮುಂದೆ ಹೋಗುವ ಮುಂಚೆ ಒಂದು ಎಚ್ಚರಿಕೆ. ಈ ಓಟು ಅಮೆರಿಕದ ಪೌರರಿಗೆ ಮಾತ್ರ. ಎಚ್-1ಬಿ, ಗ್ರೀನ್ ಕಾರ್ಡ್ ಇರುವವರು ಇಲ್ಲಿ ಎಷ್ಟೇ ವರ್ಷದಿಂದ ತೆರಿಗೆ ಕಟ್ಟುತ್ತಿದ್ದರೂ ಹಾಕುವ ಹಾಗಿಲ್ಲ. ಡಿಎಂವಿಯಲ್ಲಿ (ಇಲ್ಲಿನ ಆರ್‌ಟಿಓ) ಲೈಸೆನ್ಸ್ ಮಾಡಿಸುವಾಗ 'ನೀವು ಅಮೆರಿಕದ ಪೌರರೇ' ಅಂತ ಕೇಳುವ ಜಾಗದಲ್ಲಿ ಅವಸರಕ್ಕೆ ತಪ್ಪು ಗುರುತು ಹಾಕಬೇಡಿ. ಮುಂದೆ ಪೌರತ್ವಕ್ಕೆ ಅರ್ಜಿ ಹಾಕಿದಾಗ ಅದೇ ಕುತ್ತಿಗೆಗೆ ಬರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಪೌರರಲ್ಲದ ಪೋಷಕರು ಶಾಲಾ ಮಂಡಳಿಗೆ ಓಟು ಹಾಕಬಹುದು ಅಂತ 2016ರಲ್ಲಿ ಒಂದು ಮೆಷರ್ ಪಾಸಾಗಿದೆ, ಆದರೆ ಅದು ಅಷ್ಟಕ್ಕೇ ಸೀಮಿತ. ಕೌಂಟಿ ಬೋರ್ಡಿನ ಸಭೆಗೆ ಹೋಗಿ ಮೈಕಿನ ಮುಂದೆ ಮಾತಾಡಲು ಮಾತ್ರ ಯಾವ ವೀಸಾನೂ ಅಡ್ಡ ಬರಲ್ಲ.

ಕೆಲವು ಮೆಷರ್‌ಗಳು ಕೌಂಟಿಯ ಚಾರ್ಟರನ್ನೇ ಬದಲಿಸುತ್ತವೆ. ಈಗ ಆ ಚಾರ್ಟರ್ ಅಂದರೇನು ಅನ್ನೋದು. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಥರ, ಆದರೆ ಇಲ್ಲಿ ಅದನ್ನು ನಡೆಸುವುದು ಚುನಾಯಿತ ಸೂಪರ್‌ವೈಸರ್‌ಗಳ ಬೋರ್ಡು. ಆಸ್ಪತ್ರೆ, ಜೈಲು, ಶೆರಿಫ್ (ಕೌಂಟಿಯ ಪೊಲೀಸ್ ಮುಖ್ಯಸ್ಥ) ಕಚೇರಿ ಎಲ್ಲದರ ಬಜೆಟ್ ಅವರ ಕೈಯಲ್ಲೇ ಓಡಾಡುತ್ತದೆ. ಕ್ಯಾಲಿಫೋರ್ನಿಯಾದ 58 ಕೌಂಟಿಗಳಲ್ಲಿ 14ಕ್ಕೆ ಮಾತ್ರ ಸ್ವಂತ ಚಾರ್ಟರ್ ಇದೆ. ಅದನ್ನು ಕೌಂಟಿಯ ಪುಟ್ಟ ಸಂವಿಧಾನ ಅಂದುಕೊಳ್ಳಿ. ಬೋರ್ಡಿನಲ್ಲಿ ಎಷ್ಟು ಜನ, ಎಷ್ಟು ಅವಧಿ, ಯಾರನ್ನು ಯಾರು ತೆಗೆಯಬಹುದು ಎಲ್ಲ ಅದರಲ್ಲಿ ಇರುತ್ತದೆ. ನಮ್ಮವರು ಜಾಸ್ತಿ ಇರುವ ಸ್ಯಾಂಟಾ ಕ್ಲಾರಾ, ಅಲಮೀಡಾ ಎರಡಕ್ಕೂ ಚಾರ್ಟರ್ ಇದೆ. ಸ್ಯಾನ್ ರಮೋನ್ ಕಡೆಯವರಿಗೆ, ಅಂದರೆ ಕಾಂಟ್ರಾ ಕೋಸ್ಟಾದವರಿಗೆ, ಇಲ್ಲ. ಅಲ್ಲಿ ರಾಜ್ಯದ ಸಾಮಾನ್ಯ ಕಾನೂನೇ ನಡೆಯುತ್ತದೆ. ಇರುವ ಚಾರ್ಟರನ್ನು ಬದಲಿಸಬೇಕಾದರೆ ಜನರ ಓಟು ಬೇಕೇ ಬೇಕು. ಬೋರ್ಡು ತಾನೇ ಬದಲಿಸಿಕೊಳ್ಳುವ ಹಾಗಿಲ್ಲ.

ಊರಿಂದ ಬಂದವರಿಗೆ ಇದು ಸ್ವಲ್ಪ ವಿಚಿತ್ರ ಅನ್ನಿಸುತ್ತದೆ. ನಾವು ಮನುಷ್ಯರಿಗೆ ಓಟು ಹಾಕಿ ಅಭ್ಯಾಸ ಇರುವವರು, ಕಾನೂನಿಗೆ ಹಾಕಿದವರಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಬೆಂಗಳೂರಿಗೆ ಐದು ಪಾಲಿಕೆ ಬಂದಾಗ ಶಾಸನಸಭೆ ಕಾನೂನು ಮಾಡಿತು, ಜಯನಗರದ ನಮ್ಮ ಚಿಕ್ಕಪ್ಪನಿಗೆ ಯಾರೂ ಮನೆಗೆ ಚೀಟಿ ಕಳಿಸಿ 'ಏನಂತೀರಿ' ಅಂತ ಕೇಳಲಿಲ್ಲ. ಅದರ ಹಿಂದಿನ ವರ್ಷವಷ್ಟೇ ಲಾಸ್ ಏಂಜಲೀಸ್ ಕೌಂಟಿ ತನ್ನ ಬೋರ್ಡನ್ನು ಐದು ಜನರಿಂದ ಒಂಬತ್ತಕ್ಕೆ ಏರಿಸಲಾ ಅಂತ ಒಬ್ಬೊಬ್ಬ ಮತದಾರನನ್ನೂ ಕೇಳಿತು. ಕೇಳುವುದು ಒಳ್ಳೆಯದೇ. ಆದರೆ ಕೇಳಿದ ಮೇಲೆ ಓದುವ ಕೆಲಸ ನಮ್ಮ ತಲೆಗೆ ಬರುತ್ತದೆ, ಅಲ್ವಾ?

ಓದುವುದು ಹೇಗೆ? ಮೊದಲು ಅಕ್ಷರವನ್ನು ನಂಬುವುದು ಬಿಡಿ. ರಾಜ್ಯದ ಪ್ರಸ್ತಾವಗಳಿಗೆ (ಪ್ರಾಪೊಸಿಶನ್) ನಂಬರ್ ಇರುತ್ತದೆ, ಸ್ಥಳೀಯ ಮೆಷರ್‌ಗಳಿಗೆ ಅಕ್ಷರ. ಆ ಅಕ್ಷರಗಳು ಮತ್ತೆ ಮತ್ತೆ ಬರುತ್ತವೆ. 2025ರ ಮಾರ್ಚ್‌ನಲ್ಲಿ ಸ್ಯಾನ್ ಮಟೇಯೋ ಕೌಂಟಿಯ ಮೆಷರ್ ಎ ಅಂದರೆ ಚುನಾಯಿತ ಶೆರಿಫ್‌ರನ್ನು ಬೋರ್ಡು ಐದರಲ್ಲಿ ನಾಲ್ಕು ಓಟಿನಿಂದ ತೆಗೆಯಬಹುದು ಅನ್ನುವ ಚಾರ್ಟರ್ ತಿದ್ದುಪಡಿ. ಅದೇ ವರ್ಷ ನವೆಂಬರ್‌ನಲ್ಲಿ ಪಕ್ಕದ ಸ್ಯಾಂಟಾ ಕ್ಲಾರಾ ಕೌಂಟಿಯ ಮೆಷರ್ ಎ ಅಂದರೆ ಸೇಲ್ಸ್ ಟ್ಯಾಕ್ಸ್. ವಾಟ್ಸಾಪ್ ಗುಂಪಿನಲ್ಲಿ ಯಾರೋ 'ಎ ಗೆ ನೋ ಹಾಕಿ' ಅಂತ ಬರೆದರೆ ಯಾವ ಊರಿನ, ಯಾವ ತಿಂಗಳ ಎ ಅಂತ ಕೇಳಿ. ಸ್ಯಾನ್ ಫ್ರಾನ್ಸಿಸ್ಕೋದವರಂತೂ ಸ್ಥಳೀಯ ಮೆಷರನ್ನೇ ಪ್ರಾಪೊಸಿಶನ್ ಅಂತ ಕರೆದು ಇನ್ನೂ ಗೊಂದಲ ಮಾಡಿಟ್ಟಿದ್ದಾರೆ.

ಮತಪತ್ರದ ಮೇಲಿನ ಪ್ರಶ್ನೆ 75 ಪದ ಮೀರುವ ಹಾಗಿಲ್ಲ. ಅಷ್ಟು ಪದದಲ್ಲಿ ಏನು ಹೇಳಬೇಕು, ಏನನ್ನು ಬಿಡಬೇಕು ಅಂತ ಸಾಮಾನ್ಯವಾಗಿ ಆ ಮೆಷರ್ ಬೇಕು ಅನ್ನುವವರೇ ಕೂತು ತೀರ್ಮಾನಿಸಿರುತ್ತಾರೆ. ಹಾಗಾಗಿ ಅದನ್ನು ಜಾಹೀರಾತಿನ ಥರ ಓದಿ. ಪುಸ್ತಕದಲ್ಲಿ ಅದರ ನಂತರ ಕೌಂಟಿ ವಕೀಲರ ವಿಶ್ಲೇಷಣೆ ಇರುತ್ತದೆ, 500 ಪದದೊಳಗೆ. ನಿಧಾನವಾಗಿ ಓದಬೇಕಾದ್ದು ಇದು. 'ಈಗ ಏನಿದೆ, ಪಾಸಾದರೆ ಏನಾಗುತ್ತದೆ' ಅಂತ ಎರಡು ಭಾಗ ಮಾಡಿ ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಬರೆದುಕೊಳ್ಳಿ. ಆಮೇಲೆ ಪರ ವಿರೋಧ ವಾದಗಳು 300 ಪದ, ಅವಕ್ಕೆ ಉತ್ತರ 250 ಪದ. ವಾದಗಳಲ್ಲಿ ನಾನು ನೋಡುವುದು ಕೆಳಗಿನ ಸಹಿಗಳನ್ನು ಮಾತ್ರ. ಅಗ್ನಿಶಾಮಕ ಸಂಘ, ತೆರಿಗೆ ವಿರೋಧಿ ಸಂಘ, ರಿಯಲ್ ಎಸ್ಟೇಟ್‌ನವರು ಯಾರ್ಯಾರು ಯಾವ ಕಡೆ ಸಹಿ ಹಾಕಿದ್ದಾರೆ ಅಂತ ನೋಡಿದರೆ ಒಳಗಿನ ಅರ್ಧ ಕಥೆ ಗೊತ್ತಾಗುತ್ತದೆ. ವಿರೋಧದ ವಾದ ಯಾರೂ ಕೊಟ್ಟೇ ಇಲ್ಲ ಅಂದರೆ ಅದು ಒಳ್ಳೆಯ ಮೆಷರ್ ಅಂತಲ್ಲ. ಯಾರಿಗೂ ಪುರುಸೊತ್ತಿರಲಿಲ್ಲ ಅಂತಲೂ ಇರಬಹುದು.

ಇಷ್ಟನ್ನು ಜಾಸ್ತಿ ಜನ ಓದುತ್ತಾರೆ. ಯಾರೂ ಓದದೇ ಬಿಡುವುದು ಕೊನೆಯ ಪುಟಗಳನ್ನು, ಅಂದರೆ ಮೆಷರಿನ ಪೂರ್ಣ ಪಾಠವನ್ನು. ಚಾರ್ಟರ್ ತಿದ್ದುಪಡಿಗೆ ಅದನ್ನೇ ಮೊದಲು ಓದಬೇಕು ಅಂತ ಲಾಸ್ ಏಂಜಲೀಸ್ ನನಗೆ ಕಲಿಸಿತು.

ಆಗಿದ್ದು ಹೀಗೆ. 2020ರ ನವೆಂಬರ್‌ನಲ್ಲಿ ಅಲ್ಲಿನ ಜನ ಮೆಷರ್ ಜೆ ಪಾಸು ಮಾಡಿದರು. ಕೌಂಟಿಗೆ ಸ್ಥಳೀಯವಾಗಿ ಬರುವ, ಯಾವುದಕ್ಕೂ ಮೀಸಲಾಗದ ಆದಾಯದಲ್ಲಿ ಕನಿಷ್ಠ 10% ದುಡ್ಡನ್ನು ಹಿಂದುಳಿದ ಸಮುದಾಯಗಳಿಗೆ ಮತ್ತು ಜೈಲಿಗೆ ಬದಲಿ ದಾರಿಗಳಿಗೆ ಇಡಬೇಕು ಅಂತ ಅದು ಚಾರ್ಟರಿಗೆ ಸೇರಿತು. ಸೇರಿತು ಅಂತ ಎಲ್ಲರೂ ಅಂದುಕೊಂಡರು. ಆದರೆ ಕೌಂಟಿಯ ಚಾರ್ಟರ್ ಪ್ರತಿಯಲ್ಲಿ ಆ ಹೊಸ ಸಾಲುಗಳನ್ನು ಯಾರೂ ಸೇರಿಸಿರಲೇ ಇಲ್ಲ. ನಾಲ್ಕು ವರ್ಷದ ಮೇಲೆ, 2024ರ ನವೆಂಬರ್‌ನಲ್ಲಿ ಮೆಷರ್ ಜಿ ಬಂತು. ಒಂಬತ್ತು ಸೂಪರ್‌ವೈಸರ್‌ಗಳು, ಚುನಾಯಿತ ಕಾರ್ಯನಿರ್ವಾಹಕ, ನೈತಿಕತೆ (ಎಥಿಕ್ಸ್) ನೋಡಿಕೊಳ್ಳುವ ಆಯೋಗ ಎಲ್ಲ ಇದ್ದ ದೊಡ್ಡ ಬದಲಾವಣೆ. 51%ಗಿಂತ ಸ್ವಲ್ಪ ಜಾಸ್ತಿ ಓಟಿನಿಂದ ಪಾಸಾಯಿತು. ಅದನ್ನು ಬರೆದವರು ಚಾರ್ಟರಿನ ಒಂದು ಭಾಗವನ್ನು ಪೂರ್ತಿ ತೆಗೆದು ಹೊಸದಾಗಿ ಬರೆದಿದ್ದರು. ಅವರ ಮುಂದಿದ್ದ ಪ್ರತಿಯಲ್ಲಿ ಜೆ ಇರಲಿಲ್ಲ, ಹಾಗಾಗಿ ಹೊಸದರಲ್ಲೂ ಬರಲಿಲ್ಲ. ಅಂದರೆ ಜಿ ಗೆ 'ಹೌದು' ಅಂದವರು ಗೊತ್ತಿಲ್ಲದೇ ಜೆ ಯನ್ನು 2028ಕ್ಕೆ ರದ್ದು ಮಾಡಿದ್ದರು! ಇದು ಹೊರಗೆ ಬಂದಿದ್ದು 2025ರ ಜುಲೈನಲ್ಲಿ. ಸುಮಾರು ಒಂದು ಕೋಟಿ ಜನರ ಕೌಂಟಿ, ಅಷ್ಟೊಂದು ವಕೀಲರು, ಎಷ್ಟೊಂದು ಪತ್ರಕರ್ತರು. ಓಟಿನ ದಿನದವರೆಗೆ ಒಬ್ಬರ ಕಣ್ಣಿಗೂ ಬೀಳಲಿಲ್ಲ.

ಪೂರ್ಣ ಪಾಠ ತೆಗೆದಾಗ ಹೊಸ ಪದಗಳ ಕೆಳಗೆ ಗೆರೆ, ಹೋಗುವ ಪದಗಳ ಮೇಲೆ ಹೊಡೆದ ಗೆರೆ ಇರುತ್ತದೆ. ಮೊದಲು ಹೊಡೆದ ಗೆರೆಗಳನ್ನು ಮಾತ್ರ ಓದಿ. ಮೆಷರಿನ ಹೆಸರಿಗೆ ಸಂಬಂಧವೇ ಇಲ್ಲದ್ದು ಏನಾದರೂ ಅಲ್ಲಿ ಹೋಗುತ್ತಿದೆಯಾ ನೋಡಿ. 'ಈ ಭಾಗವನ್ನು ರದ್ದು ಮಾಡಿ ಹೊಸದಾಗಿ ಸೇರಿಸಲಾಗಿದೆ' ಅನ್ನುವ ಸಾಲು ಕಂಡರೆ ಜಾಸ್ತಿ ಹುಷಾರಾಗಿ, ಯಾಕೆಂದರೆ ಅಲ್ಲಿ ಎಲ್ಲವೂ ಹೊಸದೇ, ಹಳೆಯದರಲ್ಲಿ ಏನು ಬಿಟ್ಟುಹೋಯಿತು ಅಂತ ಗೆರೆಗಳು ಹೇಳುವುದಿಲ್ಲ. ಕೌಂಟಿ ವೆಬ್‌ಸೈಟಿನಲ್ಲಿ ಈಗಿನ ಚಾರ್ಟರ್ ಇರುತ್ತದೆ. ಎರಡನ್ನೂ ಲ್ಯಾಪ್‌ಟಾಪ್‌ನಲ್ಲಿ ಅಕ್ಕಪಕ್ಕ ಇಟ್ಟು ಉಪವಿಭಾಗದ ನಂಬರುಗಳನ್ನು ಎಣಿಸಿ, ಹಳೆಯದರಲ್ಲಿ ಎಂಟಿದ್ದು ಹೊಸದರಲ್ಲಿ ಏಳಿದ್ದರೆ ಆ ಒಂದು ಎಲ್ಲಿ ಹೋಯಿತು ಅಂತ ಹುಡುಕಿ. ಲಾಸ್ ಏಂಜಲೀಸ್‌ನಲ್ಲಿ ಇಷ್ಟೂ ಸಾಲುತ್ತಿರಲಿಲ್ಲ, ಯಾಕೆಂದರೆ ಹಳೆಯ ಪ್ರತಿಯೇ ತಪ್ಪಿತ್ತು. ಅದಕ್ಕೇ ಹಿಂದಿನ ಎರಡು ಮೂರು ಚುನಾವಣೆಗಳಲ್ಲಿ ಪಾಸಾದ ಚಾರ್ಟರ್ ತಿದ್ದುಪಡಿಗಳ ಪಟ್ಟಿಯನ್ನೂ ತೆಗೆದು ಒಮ್ಮೆ ಹೋಲಿಸಿ. ಸಾಫ್ಟ್‌ವೇರ್‌ನವರಿಗೆ ಇದು ಹೊಸದೇನಲ್ಲ, ಹಳೇ ಬ್ರಾಂಚ್‌ನಿಂದ ಮರ್ಜ್ ಮಾಡಿ ಬೇರೆಯವರ ಕೆಲಸ ಅಳಿಸಿ ಬೈಸಿಕೊಂಡವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಪುಸ್ತಕದಲ್ಲಿ ಪೂರ್ಣ ಪಾಠ ಅಚ್ಚಾಗಿಲ್ಲದಿದ್ದರೆ ಚುನಾವಣಾ ಕಚೇರಿಗೆ ಫೋನ್ ಮಾಡಿ. ಪುಕ್ಕಟೆ ಕಳಿಸುತ್ತಾರೆ.

ದುಡ್ಡಿನ ಮೆಷರ್ ಆದರೆ ಎಷ್ಟು ಓಟು ಬೇಕು ಅನ್ನುವುದರಲ್ಲೇ ಗುಟ್ಟು ಇರುತ್ತದೆ. ಸಾಮಾನ್ಯ ತೆರಿಗೆಗೆ ಅರ್ಧಕ್ಕಿಂತ ಜಾಸ್ತಿ ಸಾಕು. ಕೌಂಟಿಯೋ ನಗರವೋ ಒಂದೇ ಉದ್ದೇಶಕ್ಕೆ ಮೀಸಲಿಟ್ಟ ತೆರಿಗೆ ತಂದರೆ ಮೂರರಲ್ಲಿ ಎರಡು ಭಾಗ ಬೇಕು. ಶಾಲಾ ಬಾಂಡಿಗೆ, ಅಂದರೆ ಆಸ್ತಿ ತೆರಿಗೆಯಿಂದ ತೀರಿಸುವ ಸಾಲಕ್ಕೆ, 55%. ಸ್ಯಾಂಟಾ ಕ್ಲಾರಾದ ಆ ಮೆಷರ್ ಎ ಕೌಂಟಿ ಆಸ್ಪತ್ರೆಗಳನ್ನು ಉಳಿಸಲಿಕ್ಕೆ ಅಂತಲೇ ಎಲ್ಲ ಕಡೆ ಪ್ರಚಾರವಾಯಿತು, ಆದರೆ ಕಾನೂನಿನ ಲೆಕ್ಕದಲ್ಲಿ ಅದು ಐದು ವರ್ಷದ ಸಾಮಾನ್ಯ ತೆರಿಗೆ. ದುಡ್ಡು ಹೋಗುವುದು ಸಾಮಾನ್ಯ ನಿಧಿಗೆ, ಬೋರ್ಡು ನಾಳೆ ಮನಸ್ಸು ಬದಲಿಸಿದರೆ ತಡೆಯುವ ಸಾಲು ಇಲ್ಲ. ಹಾಗಂತ ಬೇಡ ಅನ್ನಬೇಕು ಅಂತಲ್ಲ. ಒಂದು ಡಾಲರಿಗೆ ಸೆಂಟಿನ ಎಂಟರಲ್ಲಿ ಐದು ಭಾಗ, ಅಂದರೆ 1000 ಡಾಲರ್ ಲ್ಯಾಪ್‌ಟಾಪಿಗೆ 6 ಡಾಲರ್ 25 ಸೆಂಟ್. ಬೋರ್ಡಿನ ಮಾತಿನ ಮೇಲೆ ಅಷ್ಟು ನಂಬಿಕೆ ಇದೆಯಾ ಅಂತ ಕೇಳಿಕೊಳ್ಳಿ.

ಬಾಂಡ್ ಆದರೆ ತೆರಿಗೆ ದರದ ಹೇಳಿಕೆ ಅಂತ ಒಂದು ಪುಟ ಇರುತ್ತದೆ. ಅಲ್ಲಿ 1 ಲಕ್ಷ ಡಾಲರ್ ಮೌಲ್ಯಕ್ಕೆ ಎಷ್ಟು ಅಂತ ಅಂದಾಜು ಬರೆದಿರುತ್ತಾರೆ. ಉದಾಹರಣೆಗೆ 30 ಡಾಲರ್ ಅಂತಿದ್ದು, ನಿಮ್ಮ ಮನೆಯ ಮೌಲ್ಯ 12 ಲಕ್ಷ ಡಾಲರ್ ಆದರೆ ವರ್ಷಕ್ಕೆ 360. ಮೌಲ್ಯ ಅಂದರೆ ತೆರಿಗೆ ಬಿಲ್ಲಿನಲ್ಲಿರುವ ಮೌಲ್ಯ, ಆನ್‌ಲೈನ್‌ನಲ್ಲಿ ನೋಡಿ ಖುಷಿಪಡುವ ಬೆಲೆ ಅಲ್ಲ.

ಎಡವುವ ಇನ್ನೊಂದು ಜಾಗ ರೆಫರೆಂಡಮ್. ಬೋರ್ಡು ಮಾಡಿದ ಕಾನೂನು ಬೇಡ ಅಂತ ಜನ ಸಹಿ ಸಂಗ್ರಹಿಸಿ ಅದನ್ನು ಚುನಾವಣೆಗೆ ಎಳೆದು ತಂದಿರುತ್ತಾರೆ. ಅಲ್ಲಿ 'ಹೌದು' ಅಂದರೆ ಆ ಕಾನೂನು ಉಳಿಯಲಿ ಅಂತ. ಸಹಿ ಹಾಕಿದವರೇ ಆಮೇಲೆ ತಪ್ಪಾಗಿ 'ಹೌದು' ಹಾಕಿಬಿಡಬಹುದು.

ಟಪಾಲಿನಲ್ಲಿ ಬರುವ ಹೊಳೆಯುವ ಕಾರ್ಡುಗಳನ್ನು ಎಸೆಯುವ ಮುಂಚೆ ಸಣ್ಣಕ್ಷರ ನೋಡಿ. 50,000 ಡಾಲರ್ ಮತ್ತು ಅದಕ್ಕಿಂತ ಜಾಸ್ತಿ ಕೊಟ್ಟ ಮೊದಲ ಮೂವರ ಹೆಸರು ಅಲ್ಲಿ ಹಾಕಬೇಕು ಅಂತ ನಿಯಮ ಇದೆ. ಕೌಂಟಿ ಕೂಡ ಕೆಲವೊಮ್ಮೆ 'ಮಾಹಿತಿಗಾಗಿ' ಅಂತ ಕಾರ್ಡು ಕಳಿಸುತ್ತದೆ. ಸಾರ್ವಜನಿಕ ದುಡ್ಡಿನಲ್ಲಿ ಪ್ರಚಾರ ಮಾಡುವ ಹಾಗಿಲ್ಲ, ಮಾಹಿತಿ ಕೊಡಬಹುದು. ಎರಡಕ್ಕೂ ನಡುವಿನ ಗೆರೆ ಎಷ್ಟು ತೆಳು ಅಂತ ಆ ಕಾರ್ಡು ಓದಿದರೆ ನಿಮಗೇ ಗೊತ್ತಾಗುತ್ತದೆ.

ಅಪ್ಪ ಅಮ್ಮ ಇಲ್ಲಿನ ಪೌರರಾಗಿದ್ದು ಇಂಗ್ಲಿಷ್ ಕಷ್ಟ ಆದರೆ ಅವರ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಓದಿ ಹೇಳಿ. ಮತಗಟ್ಟೆಗೂ ಇಬ್ಬರವರೆಗೆ ಸಹಾಯಕರನ್ನು ಕರೆದೊಯ್ಯಬಹುದು, ಕೆಲಸ ಕೊಟ್ಟವರು ಅಥವಾ ಯೂನಿಯನ್‌ನವರು ಆಗಿರಬಾರದು ಅಷ್ಟೇ. ಹೇಳಿ, ಗುರುತು ಅವರೇ ಹಾಕಲಿ. ನಮ್ಮತ್ತೆ 'ಇದು ಅರ್ಥ ಆಗ್ಲಿಲ್ಲ, ಬಿಡು' ಅಂತ ಒಂದು ಮೆಷರನ್ನು ಖಾಲಿ ಬಿಟ್ಟರು. ಬಿಡಬಹುದು. ಒಂದನ್ನು ಬಿಟ್ಟರೆ ಉಳಿದ ಓಟು ಹಾಳಾಗುವುದಿಲ್ಲ.

ಲಕೋಟೆಯ ಹಿಂದೆ ಸಹಿ ಹಾಕುವುದು ಮರೆಯಬೇಡಿ. ಆ ಸಹಿ ಕೌಂಟಿಯ ದಾಖಲೆಯಲ್ಲಿರುವ ಸಹಿಗೆ ಹೊಂದಬೇಕು. ಬ್ಯಾಂಕಿಗೆ ಕನ್ನಡದಲ್ಲಿ, ಡಿಎಂವಿಯಲ್ಲಿ ಇಂಗ್ಲಿಷಿನಲ್ಲಿ, ಅವಸರದಲ್ಲಿ ಬರೀ ಒಂದು ಗೀಟು ಹಾಕುವವರು ಯಾವುದನ್ನು ಕೊಟ್ಟಿದ್ದೀರಿ ಅಂತ ನೆನಪಿಸಿಕೊಳ್ಳಿ. ಹೊಂದದಿದ್ದರೆ ಕೌಂಟಿಯಿಂದ ಪತ್ರ ಬರುತ್ತದೆ. ಉತ್ತರಿಸಿದರೆ ಓಟು ಉಳಿಯುತ್ತದೆ.

ಗೆದ್ದ ಚಾರ್ಟರ್ ತಿದ್ದುಪಡಿ ಜಾರಿಗೆ ಬರುವುದು ಫಲಿತಾಂಶದ ರಾತ್ರಿ ಅಲ್ಲ, ಅದು ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಲ್ಲಿ ದಾಖಲಾದ ಮೇಲೆ. ಸಂಕ್ರಾಂತಿ ಮುಗಿದ ಮೇಲೆ ಒಂದು ದಿನ ಕೌಂಟಿಯ ಚಾರ್ಟರ್ ಪುಟ ತೆರೆದು, ನೀವು ಓಟು ಹಾಕಿದ ಸಾಲನ್ನು ಹುಡುಕಿ. ಕಾಣದಿದ್ದರೆ ಬೋರ್ಡಿನ ಕ್ಲರ್ಕಿಗೆ ಒಂದು ಮೇಲ್ ಹಾಕಿ, ಯಾವತ್ತು ಸೇರಿಸುತ್ತೀರಿ ಅಂತ ಕೇಳಿ.